ಕೈಗೆಟುಕುವ ಎತ್ತರ

ಆಗಸ್ಟ್ 4

ಅತ್ತಿಗೆಯವರಿಗೆ,

ನಿಮ್ಮ ತಮ್ಮನನ್ನು ಮದುವೆಯಾಗಿ ನಾಲ್ಕು ವರ್ಷವಾಯಿತು. ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮ ಶೆಡ್ಡಿನ ಗರಗಸದ ಸದ್ದಿನಲ್ಲಿ ನನ್ನ ಅರ್ಧ ಮಾತು ಹೋಗುತ್ತದೆ. ಉಳಿದ ಅರ್ಧಕ್ಕೆ ನೀವು "ಹೂಂ, ಆಯ್ತು, ಇಡ್ಲಾ" ಅನ್ನುತ್ತೀರಿ. ಇವರನ್ನು ಕೇಳಿದರೆ, "ದೋಣಿ ಕಟ್ತಿರೋದು ಅಕ್ಕ. ನನ್ನನ್ಯಾಕೆ ಮಧ್ಯಕ್ಕೆ ಎಳೀತೀಯ? ನೀನೇ ಬರಿ" ಎಂದು ಜಾರಿಕೊಂಡರು.

ಹೋದ ಭಾನುವಾರ ನೀವು ದೋಣಿಯ ಒಳಗನ್ನು ತೋರಿಸಿದಾಗ ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ನಿಜ. ಮೆಟ್ಟಿಲಿಳಿದರೆ ಎಡಕ್ಕೆ ಅಡುಗೆಮೂಲೆ, ಮುಂದೆ ಮೇಜು, ಎರಡೂ ಕಡೆ ಒಂದೇ ಮರದಿಂದ ಸೀಳಿದ ಹಲಗೆಗಳು. ಒಂದರ ಗೆರೆ ಇನ್ನೊಂದರೊಳಕ್ಕೆ ಹರಿದುಕೊಂಡು ಹೋಗಿದೆ. ಇದರೊಳಗೆ ಎರಡು ವರ್ಷ ಇರಬಹುದು ಅನ್ನಿಸಿತು. ಹೊಲಿಗೆ ಅಂಗಡಿಯ ಬಾಗಿಲು ಹಾಕಿ ಇವರ ಜೊತೆ ಸಮುದ್ರಕ್ಕೆ ಹೊರಡಲು ನಾನು ಮನಸ್ಸು ಗಟ್ಟಿ ಮಾಡಿದ್ದು ಅವತ್ತೇ.

ಆದರೂ ಕೇಳಬೇಕಾದ್ದು ಮೂರು ಇವೆ. ಮಂಚಗಳು ಬೆಂಚಿನಷ್ಟು ಅಗಲ ಇವೆ, ಇಬ್ಬರು ಮಲಗುವಂಥದ್ದು ಒಂದಾದರೂ ಬೇಡವೇ? ಅಡುಗೆಮೂಲೆಯಲ್ಲಿ ಗಾಳಿಯಾಡುವುದಿಲ್ಲ, ಪಕ್ಕಕ್ಕೆ ದೊಡ್ಡದೊಂದು ಕಿಟಕಿ ಇಡಬಹುದೇ? ಮೂರನೆಯದು, ನಡೆಯುವಾಗ ಹಿಡಿದುಕೊಳ್ಳಲು ಚಾವಣಿಗೆ ಉದ್ದಕ್ಕೂ ಕಂಬಿ ಹಾಕಿದ್ದೀರಲ್ಲ, ಅದು ನನಗೆ ಎಟುಕುವುದಿಲ್ಲ. ತುದಿಗಾಲಲ್ಲಿ ನಿಂತರೆ ಬೆರಳ ತುದಿ ಮುಟ್ಟುತ್ತದೆ, ಹಿಡಿತ ಸಿಗುವುದಿಲ್ಲ. ನನ್ನ ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ಮದುವೆಯ ದಿನ ನೀವು "ಚೋಟುದ್ದ ಇದಾಳೆ, ಇವನ ಜೇಬಿಗೆ ಹಿಡೀತಾಳೆ" ಎಂದದ್ದು ನನ್ನ ಕಿವಿಗೆ ಬಿದ್ದಿತ್ತು. ಆದ್ದರಿಂದ ಇದು ನಿಮಗೆ ಹೊಸ ವಿಷಯವೇನಲ್ಲ.

ಇಂತಿ,
ನಿಮ್ಮ ತಮ್ಮನ ಹೆಂಡತಿ


ಆಗಸ್ಟ್ 11

ನಾದಿನಿಗೆ,

ಕಾಗದ ಎರಡು ಸಲ ಓದಿದೆ. ಮೊದಲ ಸಲ ಓದುವಾಗ ಕೋಪ ಬಂದಿತ್ತು, ಅದಕ್ಕೆ ಎರಡನೆಯ ಸಲ.

ಅಗಲವಾದ ಮಂಚ ದಡಕ್ಕೆ ಕಟ್ಟಿಹಾಕಿದ ದೋಣಿಗೆ ಚೆಂದ. ನಡುಸಮುದ್ರದಲ್ಲಿ ದೋಣಿ ವಾರಗಟ್ಟಲೆ ಒಂದೇ ಮಗ್ಗುಲಿಗೆ ವಾಲಿಕೊಂಡು ಹೋಗುತ್ತದೆ, ಅದರ ಮೇಲೆ ಪ್ರತಿ ಅಲೆಗೂ ಕುಲುಕುತ್ತದೆ. ಅಗಲ ಮಂಚದಲ್ಲಿ ಮಲಗಿದವರು ರಾತ್ರಿಯಿಡೀ ಗೋಲಿಯ ಹಾಗೆ ಉರುಳುತ್ತಾರೆ, ಬೆಳಿಗ್ಗೆ ಮೈಯೆಲ್ಲ ನುಗ್ಗಾಗಿರುತ್ತದೆ. ಇಕ್ಕಟ್ಟಾದ ಮಂಚ, ತೆರೆದ ಮಗ್ಗುಲಿಗೆ ಎತ್ತಿ ಕಟ್ಟುವ ಗಟ್ಟಿ ಬಟ್ಟೆಯ ತಡೆ, ಬೆನ್ನಿಗೊಂದು ದಿಂಬು. ಸಮುದ್ರದಲ್ಲಿ ಸುಖ ಅಂದರೆ ಅದು. ಅಲ್ಲದೆ ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ಮಲಗಿದರೆ ಇನ್ನೊಬ್ಬರು ಮೇಲೆ ಎಚ್ಚರವಾಗಿರಬೇಕು. ಜೊತೆಯಲ್ಲಿ ಮಲಗುವುದೆಲ್ಲ ಬಂದರು ಸೇರಿದ ಮೇಲೆ.

ದೊಡ್ಡ ಕಿಟಕಿಯನ್ನು ದೊಡ್ಡ ಅಲೆ ಒಡೆಯುತ್ತದೆ. ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕಂಬಿ ಸರಿಯಾದ ಎತ್ತರಕ್ಕೇ ಇದೆ. ನಿನ್ನ ಗಂಡ, ಅಂದರೆ ನಮ್ಮ ಏಣಿ, ತಲೆ ಬಗ್ಗಿಸದೆ ಓಡಾಡುವ ಹಾಗೆ ಚಾವಣಿ ಎತ್ತರಿಸಿದ್ದೇನೆ, ಅವನ ಕೈ ಸಲೀಸಾಗಿ ಹೋಗುವ ಕಡೆ ಕಂಬಿ ಕೂರಿಸಿದ್ದೇನೆ. ಕೆಳಗೊಂದು ಕಂಬಿ ಹಾಕಿದರೆ ಮೆಟ್ಟಿಲಿನಿಂದ ದೋಣಿಯ ಮೂತಿಯವರೆಗೆ ಕಣ್ಣಿಗೆ ಅಡ್ಡವಿಲ್ಲದ ಆ ಜಾಗ ದನದ ಕೊಟ್ಟಿಗೆಯಾಗುತ್ತದೆ. ದೋಣಿ ನಡೆಸುವವನು ಅವನು. ಜೋರು ಗಾಳಿಯಲ್ಲಿ ನೀನು ಓಡಾಡುವುದು ಬೇಡ, ಮಂಚದಲ್ಲಿ ಕೂತರೆ ಸಾಕು.

ಆ ಹಲಗೆಗಳಿಗಾಗಿ ಒಂದು ಮರ ಹುಡುಕಲು ನನಗೆ ಎರಡು ವರ್ಷ ಹಿಡಿಯಿತು. ಅದಕ್ಕೆ ಯಾರೂ ಒಂದು ಮೊಳೆಯನ್ನೂ ಹೊಡೆಯಕೂಡದು, ಕ್ಯಾಲೆಂಡರು ತೂಗುಹಾಕಲು ಕೂಡ.

ಅತ್ತಿಗೆ


ಆಗಸ್ಟ್ 20

ಅತ್ತಿಗೆಯವರಿಗೆ,

ಮಂಚದ ವಿಷಯ, ಕಿಟಕಿಯ ವಿಷಯ ನನಗೆ ಗೊತ್ತಿರಲಿಲ್ಲ. ನೀವು ಹೇಳಿದ್ದು ಸರಿ, ಬಿಟ್ಟೆ.

ಕಂಬಿಯದ್ದನ್ನು ಮಾತ್ರ ಬಿಡಲಾರೆ. ಕೂತರೆ ಸಾಕು ಎಂದಿರಿ. ಇವರು ಮಲಗಿದಾಗ ಮೇಲೆ ಎಚ್ಚರವಿರಬೇಕಾದವಳು ನಾನೇ ಎಂದೂ ಬರೆದಿರಿ. ಮಂಚದಿಂದ ಮೆಟ್ಟಿಲಿನವರೆಗೆ ನಾನು ಹಾರಿ ಹೋಗಲೇ?

ಶೆಡ್ಡಿನಲ್ಲಿ ಇವರನ್ನು ನಿಲ್ಲಿಸಿ, ಕೈ ಎತ್ತಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಿರಲ್ಲ, ಆಗ ನಾನು ಅಲ್ಲೇ ಹಲಗೆ ರಾಶಿಯ ಮೇಲೆ ಕೂತು ನೋಡುತ್ತಿದ್ದೆ. ನನ್ನನ್ನೂ ಕರೆಯುತ್ತೀರಿ ಅಂದುಕೊಂಡಿದ್ದೆ. ಇಬ್ಬರು ತೊಡುವ ಅಂಗಿಯನ್ನು ಒಬ್ಬರ ಅಳತೆಗೆ ಕತ್ತರಿಸಿದರೆ ನನ್ನ ಅಂಗಡಿಗೆ ಯಾರೂ ಎರಡನೆಯ ಸಲ ಬರುತ್ತಿರಲಿಲ್ಲ.

ನಿಮ್ಮ ತಮ್ಮನ ಹೆಂಡತಿ


ಅಕ್ಟೋಬರ್ 29
ಮೊದಲ ಬಂದರಿನಿಂದ

ಅತ್ತಿಗೆಯವರಿಗೆ,

ಆಗಸ್ಟಿನ ಕಾಗದಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ದೋಣಿ ನೀರಿಗಿಳಿಸಿದ ದಿನವೂ ನೀವು ನನ್ನ ಜೊತೆ ಹಗ್ಗದ ಗಂಟುಗಳ ಬಗ್ಗೆ ಬಿಟ್ಟರೆ ಬೇರೆ ಮಾತಾಡಲಿಲ್ಲ. ಇರಲಿ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಳ್ಳಿ.

ಇಲ್ಲಿಗೆ ಬರುವ ದಾರಿಯ ಕೊನೆಯ ದಿನ ಗಾಳಿ ಜೋರಾಯಿತು. ದೋಣಿ ಚೆನ್ನಾಗಿ ನಡೆಯಿತು, ಅದನ್ನು ಒಪ್ಪಲೇಬೇಕು. ಇಕ್ಕಟ್ಟು ಮಂಚದಲ್ಲಿ ಮಗುವಿನ ಹಾಗೆ ನಿದ್ದೆ ಮಾಡಿದೆ, ಅದನ್ನೂ ಒಪ್ಪುತ್ತೇನೆ. ನನ್ನ ಪಾಳಿ ಬಂತೆಂದು ಇವರು ಮೇಲಿನಿಂದ ಕರೆದರು. ಎದ್ದೆ. ಮೇಜಿನ ಅಂಚು ಹಿಡಿದು ಬಂದೆ. ಮೇಜು ಮುಗಿದ ಮೇಲೆ ಅಡುಗೆಮೂಲೆಯವರೆಗೆ ಐದು ಹೆಜ್ಜೆ, ಹಿಡಿದುಕೊಳ್ಳಲು ಏನೂ ಇಲ್ಲ. ನಿಮ್ಮ ಕಣ್ಣಿಗೆ ಅಡ್ಡವಿಲ್ಲದ ಜಾಗ ಅದೇ. ಕಂಬಿಗೆ ಹಾರಿದೆ. ಅದೇ ಹೊತ್ತಿಗೆ ದೋಣಿ ಇನ್ನೊಂದು ಮಗ್ಗುಲಿಗೆ ಬಿತ್ತು. ನೆಲದ ಮೇಲೆ ನಾನಿರಲಿಲ್ಲ, ನನ್ನ ಕೆಳಗೆ ನೆಲವೂ ಇರಲಿಲ್ಲ. ಮೇಜಿನ ಮೂಲೆಗೆ ಬಲಗೈ ಮಣಿಕಟ್ಟು ಹೋಗಿ ಬಡಿಯಿತು. ಮೂಳೆ ಬಿರುಕು ಬಿಟ್ಟಿದೆ ಎಂದು ಇಲ್ಲಿನ ಡಾಕ್ಟರು ಪಟ್ಟಿ ಹಾಕಿದ್ದಾರೆ.

ಇನ್ನು ಮುಂದಿನದು ಮಹಾಸಾಗರ. ದಾಟಲು ಒಂದು ತಿಂಗಳಾದರೂ ಬೇಕು, ಮಧ್ಯೆ ದಡವೆಂಬುದೇ ಇಲ್ಲ. ನವೆಂಬರ್ ಕಳೆದರೆ ಗಾಳಿ ತಿರುಗುತ್ತದೆ, ಆಮೇಲೆ ಈ ವರ್ಷ ಹೋಗುವ ಹಾಗಿಲ್ಲ ಎಂದು ಇವರು ಚಡಪಡಿಸುತ್ತಿದ್ದಾರೆ. ನಿನ್ನೆ ಊಟ ಮಾಡುವಾಗ ತಟ್ಟೆ ನೋಡಿಕೊಂಡೇ ಹೇಳಿದರು: "ನಿಂಗೆ ಕಷ್ಟ ಆದ್ರೆ ನೀನು ವಿಮಾನದಲ್ಲಿ ಹೋಗಿ ಆಚೆ ದಡದಲ್ಲಿ ಕಾಯ್ತಿರು. ನಾನೊಬ್ಬನೇ ತರ್ತೀನಿ."

"ನೀವು ಯಾವಾಗ ಮಲಗ್ತೀರಿ?" ಎಂದೆ.

"ಹೇಗೋ ಆಗುತ್ತೆ."

ಹೇಗೋ ಆಗುವುದು ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಇವರನ್ನು ಒಬ್ಬರನ್ನೇ ಕಳಿಸಲಾರೆ. ಹಿಡಿತವಿಲ್ಲದ ಆ ಐದು ಹೆಜ್ಜೆಯನ್ನು ಒಂದು ತಿಂಗಳು ದಿನಕ್ಕೆ ಇಪ್ಪತ್ತು ಸಲ ದಾಟಲಾರೆ, ಅದೂ ಒಂದೇ ಕೈಯಲ್ಲಿ. ನಿಮ್ಮ ಹಲಗೆಗೆ ತೂತು ಕೊರೆದು ನನ್ನ ಎತ್ತರಕ್ಕೆ ಏನಾದರೂ ಕಟ್ಟಿಕೊಳ್ಳಬಹುದೇ? ಎಲ್ಲಿ ಕೊರೆದರೆ ದೋಣಿಗೆ ಧಕ್ಕೆಯಿಲ್ಲ? ಇವರನ್ನು ಕೇಳಿದರೆ "ಅಕ್ಕನ್ನ ಕೇಳದೆ ನಾನು ಮುಟ್ಟಲ್ಲ" ಅನ್ನುತ್ತಾರೆ. ಬಂದರಿನ ಕಚೇರಿಯಿಂದ ಶೆಡ್ಡಿಗೆ ಎರಡು ಸಲ ಫೋನ್ ಮಾಡಿದೆ, "ಕೆಲಸದಲ್ಲಿದ್ದಾರೆ, ಬರಲ್ಲಂತೆ" ಎಂದರು. ಹೌದು ಅಥವಾ ಇಲ್ಲ, ಒಂದು ಮಾತು ಬರೆಯಿರಿ. ನವೆಂಬರ್ ಹದಿನೆಂಟರೊಳಗೆ ಸಿಕ್ಕರೆ ಸಾಕು.

ನಿಮ್ಮ ತಮ್ಮನ ಹೆಂಡತಿ


ನವೆಂಬರ್ 10

ನಾದಿನಿಗೆ,

ನಿನ್ನ ಕಾಗದ ಬಂದು ಮೂರು ದಿನ ನಾನು ಉತ್ತರ ಬರೆಯಲಿಲ್ಲ. ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಬರೆಯಬೇಕೆಂದಿದ್ದೆ. ಹಾಳೆಯನ್ನೂ ತೆಗೆದುಕೊಂಡಿದ್ದೆ. ಬಣ್ಣದ ಮೇಸ್ತ್ರಿ ಬಂದು, "ಅಮ್ಮಾ, ಆ ಸಣ್ಣ ಮೇಡಂ ಫೋನ್ ಮಾಡಿದ್ದು ಎರಡು ಸಲ ಅಲ್ಲ, ಐದು ಸಲ. ಆಮೇಲೆ ಮಾಡಿದ ಮೂರು ಸಲದ್ದು ನಿಮಗೆ ಹೇಳ್ಲಿಲ್ಲ, ನೀವು ಸಿಡಿಮಿಡಿ ಅಂತಿದ್ರಿ" ಎಂದ. ಹಾಳೆ ಹಾಗೇ ಉಳಿಯಿತು.

ಇನ್ನೊಬ್ಬ ಗಿರಾಕಿಗಾಗಿ ನಿಮ್ಮ ದೋಣಿಯ ನಕ್ಷೆಯಲ್ಲೇ ಇನ್ನೊಂದು ಕಟ್ಟುತ್ತಿದ್ದೇನೆ. ಅದು ಈಗ ನೀರಿನಲ್ಲಿ ಕಟ್ಟೆಯ ಪಕ್ಕ ನಿಂತಿದೆ. ಒಳಗಿಳಿದೆ. ನೀನು ನನ್ನ ಭುಜಕ್ಕೆ ಬರುತ್ತೀಯ, ಮದುವೆ ಫೋಟೋ ತೆಗೆದು ನೋಡಿಕೊಂಡೆ. ಎರಡು ಮಂಡಿಗೂ ದಪ್ಪ ದಿಂಬು ಕಟ್ಟಿಕೊಂಡು ಮಂಡಿಯೂರಿ ನಿಂತರೆ ನನ್ನ ತಲೆ ಹೆಚ್ಚುಕಡಿಮೆ ಅಷ್ಟಕ್ಕೇ ಬಂತು. ಮೇಸ್ತ್ರಿಗೂ ಇನ್ನು ಮೂವರಿಗೂ, "ಮೇಲೆ ಈ ಕಡೆಯಿಂದ ಆ ಕಡೆ ಓಡಾಡಿ, ದೋಣಿ ಚೆನ್ನಾಗಿ ಕುಲುಕಲಿ, ನಾನು ನಿಲ್ಲಿಸಿ ಅನ್ನೋವರೆಗೂ ನಿಲ್ಲಿಸಬೇಡಿ" ಎಂದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡು ಓಡಿದರು.

ಮಂಚದಿಂದ ಹೊರಟೆ. ಮೇಜು ಮುಗಿಯಿತು. ಕೈ ಎತ್ತಿದೆ. ಚಾವಣಿ ಎಲ್ಲೋ ಇತ್ತು. ನಾನೇ ಉಜ್ಜಿ ಉಜ್ಜಿ ನುಣುಪು ಮಾಡಿದ ಹಲಗೆಗೆ ಅಂಗೈ ಊರಿದೆ, ಅಂಗೈ ಜಾರಿತು. ನಿಂತ ನೀರಿನಲ್ಲಿ, ನಾಲ್ಕು ಜನ ಓಡಿದ ಕುಲುಕಿಗೆ ನಾನು ಮುಖ ಅಡಿಯಾಗಿ ಬಿದ್ದೆ. ಕೆನ್ನೆಗೆ ತರಚಿದೆ. "ನಿಲ್ಲಿಸಿ" ಅನ್ನಲು ಬಾಯಿ ಬರಲಿಲ್ಲ, ಅವರು ಓಡುತ್ತಲೇ ಇದ್ದರು.

ನನಗೆ ಹೆದರಿಕೆಯಾಯಿತು. ಇದನ್ನು ಬರೆಯಲು ಕಷ್ಟವಾಗುತ್ತಿದೆ, ಆದರೆ ಆದದ್ದು ಅದೇ.

ತೂತು ಕೊರೆಯಬೇಡ. ನಾನೇ ಮಾಡಿ ಕಳಿಸುತ್ತೇನೆ. ನೆಲದಿಂದ ಚಾವಣಿಗೆ ಎರಡು ಗೂಟ, ಅವುಗಳ ನಡುವೆ ನಿನ್ನ ಮೊಣಕೈ ಎತ್ತರಕ್ಕೊಂದು ಕಂಬಿ, ಕೂರಿಸಲು ಬೇಕಾದ ಬೋಲ್ಟು, ಕ್ಲಾಂಪು ಎಲ್ಲ ಒಂದು ಉದ್ದನೆಯ ಪೆಟ್ಟಿಗೆಯಲ್ಲಿ ನಾಳೆ ಸರಕು ಹಡಗಿಗೆ ಹೋಗುತ್ತದೆ. ಈ ಕಾಗದವೂ ಅದರ ಜೊತೆಗೇ. ಪೆಟ್ಟಿಗೆ ಬಾರದೆ ಹೊರಡಬೇಡಿ. ಏಣಿ ಕುಣಿದರೆ ಕುಣಿಯಲಿ, ಅಕ್ಕ ಹೇಳಿದಳು ಅನ್ನು.

ಕೈ ಹೇಗಿದೆ?

ಅತ್ತಿಗೆ


ನವೆಂಬರ್ 19

ಅತ್ತಿಗೆಯವರಿಗೆ,

ನಿನ್ನೆಯವರೆಗೂ ಕಾದೆ. ದಿನಾ ಬೆಳಿಗ್ಗೆ ಟಪಾಲು ಕಚೇರಿಗೆ ಹೋಗಿ ಬಂದೆ. ಅಲ್ಲಿನ ಗುಮಾಸ್ತರು ನಾನು ಬಾಗಿಲಲ್ಲಿ ಕಂಡ ಕೂಡಲೇ ತಲೆಯಾಡಿಸುವುದನ್ನು ರೂಢಿಸಿಕೊಂಡಿದ್ದರು. ನಿಮ್ಮ ಉತ್ತರವಿಲ್ಲ. ಮೌನವನ್ನು ಇಲ್ಲವೆಂದು ಓದಬೇಕೋ ಹೌದೆಂದು ಓದಬೇಕೋ ನನಗೆ ಗೊತ್ತಾಗಲಿಲ್ಲ, ಆದ್ದರಿಂದ ನನಗೆ ಬೇಕಾದ ಹಾಗೆ ಓದಿಕೊಂಡೆ.

ಪಟ್ಟಿ ಬಿಚ್ಚಿದ್ದಾರೆ. ಬೆರಳು ಮಡಚಲು ಬರುತ್ತದೆ, ಭಾರ ಎತ್ತಲು ಬರುವುದಿಲ್ಲ. ನಾಳೆ ಬೆಳಿಗ್ಗೆ ಹೊರಡುತ್ತೇವೆ, ಇಬ್ಬರೂ. ನೀರು, ದಿನಸಿ ತುಂಬಿಯಾಗಿದೆ. ಇವರು ನನ್ನ ಮುಖ ನೋಡಿ ನೋಡಿ, "ನಿಜವಾಗ್ಲೂ ಬರ್ತೀಯಾ?" ಎಂದು ಮೂರು ಸಲ ಕೇಳಿದರು. ನಾಲ್ಕನೆಯ ಸಲ ಕೇಳಿದರೆ ಇಳಿದು ಹೋಗುತ್ತೇನೆ ಎಂದೆ.

ಒಂದು ಕೆಲಸ ಮಾಡಿದ್ದೇನೆ. ತಿಳಿದರೆ ನೀವು ನನ್ನ ಮುಖ ನೋಡುವುದಿಲ್ಲ. ಆಚೆ ದಡ ಸೇರಿದರೆ ಹೇಳುತ್ತೇನೆ.

ನಿಮ್ಮ ತಮ್ಮನ ಹೆಂಡತಿ


ಡಿಸೆಂಬರ್ 3
ಆಚೆ ದಡದ ಬಂದರಿನ ವಿಳಾಸಕ್ಕೆ

ನಾದಿನಿಗೆ,

ನೀನು ಹೊರಡುವ ಹಿಂದಿನ ದಿನ ಬರೆದದ್ದು ಇವತ್ತು ಕೈಸೇರಿತು. ಓದುತ್ತಲೇ ಎದ್ದೆ. ಆ ಬಂದರಿನ ಕಚೇರಿಗೆ ಫೋನ್ ಮಾಡಿದೆ. ದೋಣಿ ಇಪ್ಪತ್ತರ ಬೆಳಿಗ್ಗೆ ಹೊರಟಿತು ಎಂದರು. ನಿನ್ನ ಎತ್ತರಕ್ಕೆಂದು ಕಂಬಿ ಮಾಡಿ ನಾನು ಕಳಿಸಿದ ಪೆಟ್ಟಿಗೆ ಅಲ್ಲಿಗೆ ಬಂದದ್ದು ಇಪ್ಪತ್ತಮೂರಕ್ಕೆ. ನನ್ನ ಕಾಗದ ಪೆಟ್ಟಿಗೆಯ ಜೊತೆಗಿತ್ತು. ಬೇರೆಯಾಗಿ ಟಪಾಲಿಗೆ ಹಾಕಿದ್ದರೆ ನೀನು ಹೊರಡುವ ಮೊದಲೇ ಸಿಗುತ್ತಿತ್ತು, ಕಚೇರಿಗೆ ಒಂದು ಫೋನ್ ಮಾಡಿದ್ದರೆ ಅವತ್ತೇ. ಎರಡೂ ಒಟ್ಟಿಗಿರಲಿ ಎಂದು ನಾನೇ ಪೆಟ್ಟಿಗೆಗೆ ಅಂಟಿಸಿ ಕಳಿಸಿದೆ. ಮರದ ಕೆಲಸದಲ್ಲಿ ಒಂದು ಗೆರೆಯೂ ತಪ್ಪದವಳು ನಾನು. ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ.

ನೀನು ಏನು ಮಾಡಿದ್ದೀಯ? ಕೊರೆದಿದ್ದೀಯ ಅನ್ನಿಸುತ್ತದೆ. ಎಲ್ಲಿ ಕೊರೆದೆ? ಅಡುಗೆಮೂಲೆಯ ಅಡ್ಡಗೋಡೆಯಲ್ಲಾದರೆ ಭಯವಿಲ್ಲ, ಮೂರು ಅಂಗುಲ ದಪ್ಪ ಇದೆ, ಆನೆ ಕಟ್ಟಿದರೂ ತಡೆಯುತ್ತದೆ. ಪಕ್ಕದ ಹಲಗೆಯಲ್ಲಾದರೆ ಭಾರ ತಡೆಯುವುದಿಲ್ಲ, ನೀನು ನಂಬಿ ಹಿಡಿದಾಗ ಕಿತ್ತು ಬರುತ್ತದೆ. ಇದನ್ನು ಯಾರಿಗೆ ಹೇಳಲಿ? ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಉತ್ತರ ಸಮುದ್ರವೇ ಕೊಟ್ಟಿರುತ್ತದೆ.

 ಇನ್ನೊಂದು ದೋಣಿಯ ಕೆಲಸ ನಿಲ್ಲಿಸಿದ್ದೇನೆ.

ಅತ್ತಿಗೆ


ಡಿಸೆಂಬರ್ 28

ಚೋಟಿ,

ನೀವು ಬರಬೇಕಾದ ದಿನ ಕಳೆದು ವಾರವಾಯಿತು. ನೀವಿರುವ ಕಡೆಯಲ್ಲಿ ಬಿರುಗಾಳಿ ಎದ್ದಿತ್ತೆಂದು ರೇಡಿಯೋದಲ್ಲಿ ಹೇಳಿದರು. ಎಷ್ಟು ಹೊತ್ತು, ಎಷ್ಟು ಜೋರು, ಅದೊಂದೂ ಹೇಳಲಿಲ್ಲ. ಆಮೇಲೆ ಕ್ರೀಡಾ ವಾರ್ತೆ ಬಂತು.

ಮೇಸ್ತ್ರಿ ಫೋನನ್ನು ನನ್ನ ಕೆಲಸದ ಮೇಜಿಗೇ ತಂದಿಟ್ಟಿದ್ದಾನೆ. ಗರಗಸ ಹಾಕಲು ಬಿಡುವುದಿಲ್ಲ, "ಸದ್ದು ಕೇಳ್ಸಲ್ಲಮ್ಮ" ಅನ್ನುತ್ತಾನೆ. ಶೆಡ್ಡು ಇಷ್ಟು ನಿಶ್ಶಬ್ದವಾಗಿದ್ದನ್ನು ನಾನು ನೋಡಿಯೇ ಇಲ್ಲ.

ಆ ದೋಣಿಯಲ್ಲಿ ನನ್ನ ತಮ್ಮ ಇದ್ದಾನೆ ಎಂಬುದೊಂದೇ ನನಗೆ ಇಷ್ಟು ದಿನ ನೆನಪಿದ್ದದ್ದು. ಈಗ ಕಣ್ಣು ಮುಚ್ಚಿದರೆ ಆ ಐದು ಹೆಜ್ಜೆಯಲ್ಲಿ ನೀನು ಕಾಣುತ್ತೀಯ. ಬೈಯಲಾದರೂ ಬರೆ.

ಅತ್ತಿಗೆ


ಜನವರಿ 7

ಅತ್ತಿಗೆ,

ಮೊನ್ನೆ ಇಲ್ಲಿ ಕಾಲಿಟ್ಟ ಕೂಡಲೇ ಶೆಡ್ಡಿಗೆ ಫೋನ್ ಮಾಡಿದೆ. ಗಂಟೆ ಪೂರ್ತಿ ಬಾರಿಸುವ ಮೊದಲೇ ನೀವು ಎತ್ತಿಕೊಂಡಿರಿ. "ಇಬ್ಬರೂನಾ?" ಎಂದಿರಿ. "ಇಬ್ಬರೂ" ಎಂದೆ.   ಆಮೇಲೆ ಯಾರೋ ಮೂಗು ಒರೆಸಿಕೊಂಡ ಹಾಗೆ ಕೇಳಿಸಿತು. ಮೇಸ್ತ್ರಿಯವರಿಗೆ ನೆಗಡಿಯೇ?

ಇಲ್ಲಿ ನಿಮ್ಮ ಎರಡು ಕಾಗದ ಕಾಯುತ್ತಿದ್ದವು. ಎರಡನ್ನೂ ಕಚೇರಿಯ ಮೆಟ್ಟಿಲ ಮೇಲೆ ಕೂತು ಓದಿದೆ. ಪೆಟ್ಟಿಗೆಯ ಕಥೆ ತಿಳಿದು ನನಗೂ ಮೂಗು ಒರೆಸಿಕೊಳ್ಳಬೇಕಾಯಿತು.

ನೀವು ಊಹಿಸಿದ್ದು ನಿಜ. ಹೊರಡುವ ಮೊದಲು, ಇವರು ನೀರು ತುಂಬಿಸಲು ಹೋಗಿದ್ದಾಗ ಪಕ್ಕದ ದೋಣಿಯವರ ಡ್ರಿಲ್ಲು ತಂದು ಕೊರೆದೆ. ನಾಲ್ಕು ತೂತು. ಅಡುಗೆಮೂಲೆಯ ಅಡ್ಡಗೋಡೆಯಲ್ಲಿ ಎರಡು, ಎದುರಿನ ಅಡ್ಡಗೋಡೆಯಲ್ಲಿ ಎರಡು. ಬೆರಳಿನಿಂದ ತಟ್ಟಿ ನೋಡಿದಾಗ ಅಲ್ಲಿ ಮಾತ್ರ ಸದ್ದು ಗಟ್ಟಿಯಿತ್ತು, ಬೇರೆ ಯಾವ ಜ್ಞಾನವೂ ನನಗಿರಲಿಲ್ಲ. ಒಂದೊಂದರ ಹಿಂದೆ ಮುಷ್ಟಿಯಷ್ಟು ಗಂಟು ಹಾಕಿ ಎರಡು ಸಾಲು ಹಗ್ಗ ಬಿಗಿದೆ, ನಡುವೆ ಮೈ ತೂರುವಷ್ಟು ದಾರಿ ಬಿಟ್ಟು. ಕೈ ತರಚದಿರಲೆಂದು ಹಾಯಿಬಟ್ಟೆಯ ತೋಳು ಹೊಲಿದು ಹಗ್ಗಕ್ಕೆ ತೊಡಿಸಿದೆ. ಇವರು ಬಂದು ನೋಡಿ ಬೆಳ್ಳಗಾದರು.

"ಅಕ್ಕ ನಿನ್ನ ಸಾಯಿಸ್ತಾಳೆ."

"ಸಾಲಲ್ಲಿ ಮೊದಲು ಸಮುದ್ರ ನಿಂತಿದೆ. ಅಕ್ಕ ಆಮೇಲೆ."

ನಗಲಿಲ್ಲ. ಮೊದಲ ವಾರವೆಲ್ಲ ಆ ಹಗ್ಗ ಕಾಲಿಗೆ ತೊಡರುತ್ತದೆ, ಸೊಂಟಕ್ಕೆ ಬಡಿಯುತ್ತದೆ ಎಂದು ಗೊಣಗಿದರು, ತಲೆಯ ಮೇಲಿನ ಕಂಬಿ ಹಿಡಿದೇ ಓಡಾಡಿದರು.

ದಾರಿ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ಬಿರುಗಾಳಿ ಎರಡು ದಿನ ಹಿಡಿಯಿತು. ಎರಡನೆಯ ದಿನ ಬೆಳಿಗ್ಗೆ ಇವರು ಒಣ ಅಂಗಿ ತರಲು ಕೆಳಗಿಳಿದರು, ನಾನು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಚುಕ್ಕಾಣಿಯ ಬಳಿ ಕೂತಿದ್ದೆ. ಅಲೆ ಪಕ್ಕದಿಂದ ಬಂತು. ದೋಣಿ ಪೂರ್ತಿ ಮಗ್ಗುಲಾಗಿ ಮಲಗಿಬಿಟ್ಟಿತು. ಕುತ್ತಿಗೆಯವರೆಗೂ ನೀರಿನಲ್ಲಿದ್ದೆ. ಅದು ಮತ್ತೆ ಏಳುವುದಿಲ್ಲ ಅಂದುಕೊಂಡೆ. ಎದ್ದಿತು ಅತ್ತಿಗೆ. ನೀವು ಕಟ್ಟಿದ್ದು ನಿಧಾನವಾಗಿ, ಏನೂ ಆಗದ ಹಾಗೆ ಎದ್ದು ನಿಂತಿತು.

ಕೆಳಗಿನಿಂದ ಮಾತ್ರ ಸದ್ದಿಲ್ಲ. ಕರೆದೆ. ಇನ್ನೊಂದು ಸಲ ಕರೆದೆ. ಇಳಿದು ನೋಡಿದರೆ ನೆಲದಲ್ಲಿ ನೀರು, ಪಾತ್ರೆಗಳು, ಅವುಗಳ ನಡುವೆ ಮೇಜಿಗೆ ಒರಗಿ ಇವರು. ಚಾವಣಿಯ ಕಂಬಿಯನ್ನು ಒಂದೇ ಕೈಯಲ್ಲಿ ಹಿಡಿದಿದ್ದರಂತೆ. ದೋಣಿ ಮಲಗಿದಾಗ ಕೊಕ್ಕೆಗೆ ಹಾಕಿದ ಕೋಟಿನ ಹಾಗೆ ಇಡೀ ಮೈ ತೂಗಾಡಿ, ಬಲಭುಜದ ಕೀಲು ತಪ್ಪಿತ್ತು. ಕೈ ಬಿಟ್ಟಾಗ ಪಕ್ಕೆಗೆ ಮೇಜಿನ ಮೂಲೆ ಬಡಿದಿತ್ತು, ನನ್ನ ಮಣಿಕಟ್ಟು ತಿಂದ ಅದೇ ಮೂಲೆ. ಮುಖ ಸುಣ್ಣದ ಬಣ್ಣವಾಗಿತ್ತು. ಉಸಿರೆಳೆದರೆ ನೋವು, ನಿಲ್ಲಲು ಆಗುವುದಿಲ್ಲ. ನನ್ನಿಂದ ಅವರನ್ನು ಎತ್ತಲು ಸಾಧ್ಯವೇ? ಇನ್ನೊಂದು ಅಲೆ ಬಂದರೆ ಆ ಬಯಲಿನಲ್ಲಿ ಅವರನ್ನು ತಡೆಯುವುದು ಏನೂ ಇರಲಿಲ್ಲ.

"ಹಗ್ಗ ಹಿಡೀರಿ" ಎಂದೆ.

ಆರಡಿ ಮೂರಂಗುಲದ ನಿಮ್ಮ ಏಣಿ ಎಡಗೈಯಲ್ಲಿ ನನ್ನ ಹಗ್ಗ ಹಿಡಿದು, ಮಂಡಿಯ ಮೇಲೆ ತೆವಳಿಕೊಂಡು ಮಂಚದವರೆಗೆ ಬಂದರು. ಮಧ್ಯದಲ್ಲಿ ದೋಣಿ ಮತ್ತೆ ವಾಲಿತು. ಇಬ್ಬರ ಭಾರವೂ ಆ ಹಗ್ಗದ ಮೇಲೆ ಬಿತ್ತು. ತೂತುಗಳು ಕಿರುಗುಟ್ಟಿದವು. ಕಿತ್ತು ಬರಲಿಲ್ಲ.

ನೀವು ಹಟ ಹಿಡಿದು ಇಟ್ಟ ಇಕ್ಕಟ್ಟು ಮಂಚ, ಆ ಬಟ್ಟೆಯ ತಡೆ, ಅವು ಇಲ್ಲದಿದ್ದರೆ ಮುರಿದ ಪಕ್ಕೆಲುಬು ಇಟ್ಟುಕೊಂಡು ಇವರು ಉಳಿಯುತ್ತಿರಲಿಲ್ಲ. ತೊಟ್ಟಿಲಲ್ಲಿಟ್ಟ ಹಾಗೆ ಮಲಗಿಸಿ ತಡೆ ಬಿಗಿದೆ. ತೋಳಿಗೆ ಹಾಯಿಬಟ್ಟೆಯಲ್ಲಿ ಒಂದು ಜೋಳಿಗೆ ಹೊಲಿದು ಕುತ್ತಿಗೆಗೆ ತೂಗುಹಾಕಿದೆ. ಅಲ್ಲಿಂದ ಮುಂದಕ್ಕೆ ದೋಣಿ ತಂದವಳು ನಾನು. ಚಿಕ್ಕ ಹಾಯಿ ಮಾತ್ರ ಏರಿಸಿದೆ, ಅದಕ್ಕೇ ಇಷ್ಟು ತಡವಾಯಿತು. ಚೂರು ಚೂರು ನಿದ್ದೆ. ಹಗ್ಗ ಹಿಡಿದು ಕೆಳಗಿಳಿದು ಗಂಜಿ ಕಾಯಿಸಿ ಕುಡಿಸುವುದು, ಹಗ್ಗ ಹಿಡಿದು ಮೇಲೆ ಹೋಗುವುದು. ಇವರು ಮಲಗಿದಲ್ಲಿಂದಲೇ ಗಾಳಿಯ ಸದ್ದು ಕೇಳಿ, "ಹಾಯಿ ಸ್ವಲ್ಪ ಸಡಿಲ ಬಿಡು" ಅನ್ನುತ್ತಿದ್ದರು. ಒಂದು ದಿನ ಹಗ್ಗದ ಮೇಲಿನ ಹೊಲಿಗೆ ಸವರುತ್ತಾ, "ಇದನ್ನ ನಾನು ಮೊದಲೇ ಕಟ್ಟಿಕೊಡಬೇಕಿತ್ತು" ಎಂದರು. ಹೌದು ಎಂದೆ. ಅದಕ್ಕಿಂತ ಹೆಚ್ಚು ಜಗಳವಾಡಲು ಇಬ್ಬರಿಗೂ ಶಕ್ತಿಯಿರಲಿಲ್ಲ.

ಭುಜದ ಕೀಲು ಕೂರಿಸಿದ್ದಾರೆ, ಪಕ್ಕೆಲುಬು ಎರಡು ಮುರಿದಿವೆ, ಕೂಡಿಕೊಳ್ಳುತ್ತವೆ. ಆಸ್ಪತ್ರೆಯ ಮಂಚ ತುಂಬಾ ಅಗಲ, ನಿದ್ದೆ ಬರುತ್ತಿಲ್ಲವಂತೆ.

ದೋಣಿ ಮಗ್ಗುಲಾದಾಗ ಎಲ್ಲರೂ ನನ್ನಷ್ಟೇ ಎತ್ತರ, ಅತ್ತಿಗೆ. ಇದನ್ನು ಮಾತಿಗೆ ಮಾತೆಂದು ಬರೆಯುತ್ತಿಲ್ಲ. ನೀವು ಇನ್ನೂ ದೋಣಿ ಕಟ್ಟುತ್ತೀರಲ್ಲ, ಅದಕ್ಕೆ.

ಮರಕ್ಕೆ ತೂತು ಮಾಡಿದ್ದಕ್ಕೆ ಬೈಯುವುದಾದರೆ ಈಗ ಬೈಯಿರಿ. ತೂತುಗಳನ್ನು ಇಲ್ಲಿನ ಬಡಗಿಯಿಂದ ಮುಚ್ಚಿಸಲೇ?

ಚೋಟಿ


ಜನವರಿ 24

ಚೋಟಿ,

ಮುಚ್ಚಿಸಬೇಡ. ಯಾವ ಬಡಗಿಯೂ ಆ ತೂತುಗಳ ಹತ್ತಿರ ಬರಕೂಡದು. ಎರಡು ವರ್ಷ ಮರ ಹುಡುಕಿ ಕಟ್ಟಿದ ದೋಣಿಯಲ್ಲಿ ಸರಿಯಾದ ಕೆಲಸ ಮಾಡಿದ್ದು ಆ ನಾಲ್ಕು ತೂತುಗಳೇ.

ನೆಗಡಿ ಮೇಸ್ತ್ರಿಗಲ್ಲ.

ಪೆಟ್ಟಿಗೆ ವಾಪಸು ಬಂದಿದೆ, ಮೂಲೆಯೊಂದು ಜಜ್ಜಿಹೋಗಿದೆ. ಬಿಚ್ಚಿ, ಇನ್ನೊಂದು ದೋಣಿಯಲ್ಲಿ ಆ ಗೂಟ, ಕಂಬಿ ಕೂರಿಸಿ ನೋಡಿದೆ. ದೋಣಿಯ ಗಿರಾಕಿ ಬಂದು, "ಒಳಗೆ ತುಂಬಿಕೊಂಡ ಹಾಗೆ ಕಾಣುತ್ತೆ, ಫೋಟೋದಲ್ಲಿ ಹೀಗಿರಲಿಲ್ಲ" ಎಂದು ಮೂಗು ಮುರಿದರು. "ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ, ಅವರ ಕೈ ನೋಡದೆ ಇನ್ನೊಂದು ಹಲಗೆ ಕೂರಿಸಲ್ಲ" ಎಂದೆ. ಬರುತ್ತಾರೋ ಬಿಡುತ್ತಾರೋ, ನನಗೆ ಗೊತ್ತಿಲ್ಲ.

ಇದರ ಮಧ್ಯೆ ಆಸ್ಪತ್ರೆಯಿಂದ ಏಣಿ ಫೋನ್ ಮಾಡಿದ್ದ. ಮದುವೆ ಫೋಟೋ ನೋಡಿ ನಿನ್ನ ಎತ್ತರ ಲೆಕ್ಕ ಹಾಕಿದೆ ಎಂದು ಹೆಮ್ಮೆಯಿಂದ ಹೇಳಿದೆ. ಅವನು ಪಕ್ಕೆ ಹಿಡಿದುಕೊಂಡು ನಕ್ಕ, ಆಮೇಲೆ ನೋವಿಗೆ ನರಳಿದ. ಅವತ್ತು ನೀನು ನಾಲ್ಕು ಅಂಗುಲ ಎತ್ತರದ ಚಪ್ಪಲಿ ಹಾಕಿದ್ದೆಯಂತೆ, ನನ್ನ ಪಕ್ಕ ನಿಲ್ಲಬೇಕಲ್ಲ ಎಂದು. ನೀನು ಮೊದಲ ಕಾಗದದಲ್ಲೇ ಅಂಗುಲದ ಲೆಕ್ಕದಲ್ಲಿ ಎತ್ತರ ಬರೆದಿದ್ದೆ. ಅದನ್ನು ಬಿಟ್ಟು ಫೋಟೋ ನೋಡಿದೆ ನಾನು. ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ಬಂದಿದ್ದರೂ ಕಂಬಿ ನಿನ್ನ ಮೊಣಕೈಗೆ ಸಿಗುತ್ತಿರಲಿಲ್ಲ.

ಮುಂದಿನ ತಿಂಗಳು ನಾನೇ ಅಲ್ಲಿಗೆ ಬರುತ್ತೇನೆ, ಉಪಕರಣದ ಪೆಟ್ಟಿಗೆ ತರುತ್ತೇನೆ. ಹಗ್ಗದ ಜಾಗಕ್ಕೆ ಮರದ ಕಂಬಿ, ನಿನ್ನ ತೂತುಗಳಲ್ಲೇ ಕೂರಿಸುವುದು. ನೀನು ಹೊಲಿದ ತೋಳನ್ನು ಕಂಬಿಗೂ ತೊಡಿಸಬೇಕು, ಬರಿಯ ಮರ ಒದ್ದೆ ಕೈಗೆ ಜಾರುತ್ತದೆ. ಆಮೇಲೆ ಮುಂದಿನ ಬಂದರಿನವರೆಗೆ ನಿಮ್ಮ ಜೊತೆ ಬರುತ್ತೇನೆ. ನನಗೊಂದು ಇಕ್ಕಟ್ಟು ಮಂಚ ಇಟ್ಟಿರು.

ಅಷ್ಟರೊಳಗೆ ನೆಲದಿಂದ ಹಗ್ಗದವರೆಗೆ ಎಷ್ಟಿದೆ ನೋಡಿ ಬರೆದು ಕಳಿಸು. ಇಲ್ಲಿ ಮರ ಸೀಳಿಡುತ್ತೇನೆ. ಏಣಿಯ ಕೈಗೆ ಟೇಪು ಕೊಡಬೇಡ, ಅವನು ನಿಂತಲ್ಲಿಂದಲೇ ಅಂದಾಜು ಹೇಳುತ್ತಾನೆ. ಅಳತೆ ನೀನೇ ತೆಗೆ.

ಅತ್ತಿಗೆ